ಬಚ್ಚಲ ಬಿಸಿನೀರು ಮತ್ತು ಕರೆಂಟು ಬಿಲ್ಲು

ನಮ್ಮ ಐ.ಡಿ.ಹಳ್ಳಿಯ ಸುತ್ತಮುತ್ತ ಹೊಸ ಮನೆ ಕಟ್ಟಿಸಿದವರು ಗೃಹಪ್ರವೇಶಕ್ಕೆ ಕರೆದಾಗ ದೇವರಮನೆ, ಅಡುಗೆಮನೆಗಳ ಜೊತೆಗೆ ಬಚ್ಚಲುಮನೆಯನ್ನೂ ತೆರೆದು ತೋರಿಸುತ್ತಾರೆ. ನೆಲದಿಂದ ತಲೆಯೆತ್ತರದವರೆಗೆ ಟೈಲ್ಸು, ಮೂಲೆಯಲ್ಲಿ ಗೋಡೆಗೆ ಅಂಟಿಕೊಂಡಿರುವ ಬಿಳಿಯ ಗೀಸರು. ಟಿ.ವಿ.ಯ ಬಗ್ಗೆ, ಫ್ರಿಜ್ಜಿನ ಬಗ್ಗೆ ಹತ್ತು ಮಾತು ಆಡುವ ಮನೆಯವರು ಗೀಸರಿನ ವಿಷಯದಲ್ಲಿ ಮಾತ್ರ "ಬಿಸಿನೀರು ಬರುತ್ತೆ ಮೇಷ್ಟ್ರೇ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಾರೆ. ಆದರೆ ಏರ್ ಕಂಡೀಷನರ್ ಇಲ್ಲದ ನಮ್ಮಂಥ ಮನೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ತನ್ನು ತಿನ್ನುವುದು ಆ ಬಿಳಿಯ ಡಬ್ಬಿಯೇ. ಅದನ್ನು ಹೇಗೆ ನಡೆಸಬೇಕೆಂಬುದನ್ನು ಕೊಳ್ಳುವವರು ಕೇಳುವುದಿಲ್ಲ, ಮಾರುವವರು ಹೇಳುವುದಿಲ್ಲ. ಗೋಡೆಗೆ ಕೂರಿಸಿ ಹೋಗುವ ಹುಡುಗನಿಗೆ ಮುಂದಿನ ಮನೆಗೆ ಹೋಗುವ ಆತುರ.

ಹಿಂದೆ ಈ ವಿದ್ಯೆ ಮನೆಯಲ್ಲೇ ಇತ್ತು. ತಾಮ್ರದ ಹಂಡೆಯ ಕೆಳಗೆ ಉರಿಯುತ್ತಿದ್ದುದು ಕಡಲೆಕಾಯಿ ಸಿಪ್ಪೆ, ತೆಂಗಿನ ಮಟ್ಟೆ, ಜಾಲಿಯ ಸೌದೆ. ಸಿಪ್ಪೆಯ ಉರಿ ಒಮ್ಮೆಲೇ ಎದ್ದು ಒಮ್ಮೆಲೇ ಇಳಿಯುತ್ತದೆ. ಜಾಲಿಯ ಕೆಂಡ ಗಂಟೆಗಟ್ಟಲೆ ನಿಲ್ಲುತ್ತದೆ. ಯಾವುದನ್ನು ಯಾವಾಗ ಹಾಕಬೇಕು, ಯಾವಾಗ ಸೌದೆಯನ್ನು ಹಿಂದಕ್ಕೆ ಎಳೆಯಬೇಕು ಎಂಬುದು ಮನೆಯ ಹಿರಿಯ ಹೆಂಗಸರಿಗೆ ಗೊತ್ತಿತ್ತು. ಮೊದಲು ಮೀಯುವವರು ಯಾರು, ಕೊನೆಗೆ ಯಾರು ಎಂಬುದಕ್ಕೂ ಒಂದು ಕ್ರಮವಿತ್ತು. ಸೌದೆ ಕಣ್ಣೆದುರಿಗೇ ಕರಗುತ್ತಿದ್ದುದರಿಂದ ಉಳಿತಾಯವನ್ನು ಯಾರೂ ಬೋಧಿಸಬೇಕಾಗಿರಲಿಲ್ಲ. ಆ ಹೊಗೆಯನ್ನು ನಾನು ಹೊಗಳಲಾರೆ. ಅದರಿಂದ ಕಣ್ಣು, ಶ್ವಾಸಕೋಶ ಕೆಡಿಸಿಕೊಂಡ ತಾಯಂದಿರು ಎಷ್ಟೋ ಮಂದಿ. ಒಲೆ ಹೋದದ್ದು ಒಳ್ಳೆಯದೇ ಆಯಿತು. ಆದರೆ ಒಲೆಯ ಜೊತೆಗೆ ಲೆಕ್ಕವೂ ಹೋಯಿತು. ದೀಪಾವಳಿಯ ನೀರು ತುಂಬುವ ಹಬ್ಬದ ಸಂಜೆ ಈಗ ಕೆಲವರು ಹಂಡೆಯಿಲ್ಲದ ಕಾರಣ ಗೀಸರಿಗೇ ವಿಭೂತಿ ಬಳಿದು, ಚೆಂಡುಹೂವಿನ ಸರ ಸುತ್ತುತ್ತಾರೆ. ನಗುವುದು ಬೇಡ. ಪೂಜೆ ಸಲ್ಲಬೇಕಾದ ಜಾಗಕ್ಕೇ ಸಂದಿದೆ.

"ಈಗ ಕರೆಂಟು ಪುಕ್ಕಟೆಯಲ್ಲವೇ, ಲೆಕ್ಕ ಯಾಕೆ?" ಎಂಬ ಪ್ರಶ್ನೆಯನ್ನು ನಾನು ಹಲವು ಬಾರಿ ಕೇಳಿದ್ದೇನೆ. ಪುಕ್ಕಟೆ ಎಂಬ ಮಾತಿಗೆ ಒಂದು ಗಡಿಯಿದೆ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಎಲ್ಲರಿಗೂ 200 ಯೂನಿಟ್ಟನ್ನು ಸುರಿದುಕೊಡುವುದಿಲ್ಲ. 2022-23ನೇ ಸಾಲಿನಲ್ಲಿ ನಿಮ್ಮ ಮನೆಯ ತಿಂಗಳ ಸರಾಸರಿ ಬಳಕೆ ಎಷ್ಟಿತ್ತೋ, ಅದರ ಮೇಲೆ ನೂರಕ್ಕೆ ಹತ್ತನ್ನು ಸೇರಿಸಿದರೆ ಬರುವುದೇ ನಿಮ್ಮ ಪಾಲು. ಸರಾಸರಿ 48 ಯೂನಿಟ್ಟಿಗೂ ಕಡಿಮೆ ಇದ್ದ ಬಡವರ ಮನೆಗಳಿಗೆ ಶೇಕಡಾ ಹತ್ತರ ಬದಲು ಹತ್ತು ಯೂನಿಟ್ಟೇ ಹೆಚ್ಚುವರಿ ಎಂದು 2024ರಲ್ಲಿ ತಿದ್ದುಪಡಿಯಾಯಿತು. ಪಾಲನ್ನು ಮೀರಿದರೆ ಮೀರಿದಷ್ಟಕ್ಕೆ ಹಣ ತೆರಬೇಕು; 200 ದಾಟಿದರೆ ಪೂರ್ತಿ ಬಿಲ್ಲು ತಲೆಯ ಮೇಲೆ. ಆ ವರ್ಷದಲ್ಲಿ ಹಂಡೆಯಲ್ಲಿ ನೀರು ಕಾಯಿಸುತ್ತಿದ್ದು, ಆಮೇಲೆ ಗೀಸರು ತಂದ ಮನೆಗಳೇ ನಮ್ಮ ಕಡೆ ಹೆಚ್ಚು. ಅವರ ಪಾಲು ಹಂಡೆಯ ಕಾಲದ್ದು, ಬಳಕೆ ಗೀಸರಿನ ಕಾಲದ್ದು. ಬಿಲ್ಲು ಬಂದ ದಿನ ಮೀಟರು ಓಡುತ್ತದೆಂದು ಲೈನ್‌ಮನ್‌ನನ್ನು ಬೈಯುವವರಿದ್ದಾರೆ. ಮೀಟರು ಓಡುವುದಿಲ್ಲ, ಗೀಸರು ನಿಲ್ಲುವುದಿಲ್ಲ, ಅಷ್ಟೆ.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಗೀಸರಿನಲ್ಲಿ ಒಂದು ನಾಬ್ ಇರುತ್ತದೆ. ಕೆಲವಕ್ಕೆ ಹೊರಗೇ ಕಾಣುತ್ತದೆ, ಕೆಲವಕ್ಕೆ ತಳಭಾಗದ ಮುಚ್ಚಳದೊಳಗೆ ಅಡಗಿರುತ್ತದೆ. ಅದನ್ನು ನಮ್ಮ ಜನ ಗ್ಯಾಸ್ ಒಲೆಯ ನಾಬಿನಂತೆ ತಿಳಿದಿದ್ದಾರೆ: ಹೆಚ್ಚು ತಿರುಗಿಸಿದರೆ ಉರಿ ಹೆಚ್ಚು, ನೀರು ಬೇಗ ಕಾಯುತ್ತದೆ ಎಂದು. ಹಾಗಲ್ಲ. ಒಳಗಿನ ಕಾಯಿಲ್ 2000 ವ್ಯಾಟಿನದಾದರೆ ಅದು ಉರಿಯುವುದು 2000 ವ್ಯಾಟಿನಲ್ಲೇ, ನಾಬ್ ಎಲ್ಲಿದ್ದರೂ. ನಾಬ್ ಹೇಳುವುದು ಎಲ್ಲಿ ನಿಲ್ಲಬೇಕೆಂಬುದನ್ನು ಮಾತ್ರ. ಅದು ವೇಗವಲ್ಲ, ಎಲ್ಲೆ. ಐವತ್ತೈದಕ್ಕೆ ಇಟ್ಟರೂ ಎಪ್ಪತ್ತೈದಕ್ಕೆ ಇಟ್ಟರೂ ನೀರು ನಲವತ್ತು ಡಿಗ್ರಿಗೆ ಏರಲು ಹಿಡಿಯುವ ಹೊತ್ತು ಒಂದೇ.

ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ನಾನು ಪ್ರತಿವರ್ಷ ದ್ವಿಲೋಹ ಪಟ್ಟಿಯ ಪ್ರಯೋಗವನ್ನು ಮಾಡಿ ತೋರಿಸುತ್ತಿದ್ದೆ. ಹಿತ್ತಾಳೆಯ ಪಟ್ಟಿ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುವುದರಿಂದ, ಎರಡನ್ನೂ ಬೆಸೆದು ಕಾಯಿಸಿದರೆ ಜೋಡಿ ಬಾಗುತ್ತದೆ. ಬಾಗಿದಾಗ ವಿದ್ಯುತ್ ಸಂಪರ್ಕ ತಪ್ಪುತ್ತದೆ, ತಣಿದಾಗ ಮತ್ತೆ ಕೂಡುತ್ತದೆ. ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ಆರಿ ಹೊತ್ತುವುದು ಇದರಿಂದಲೇ. ಇದರ ಚರಿತ್ರೆಯಲ್ಲಿ ಮೇಷ್ಟ್ರುಗಳಿಗೆ ಹೆಮ್ಮೆಯಾಗುವ ಒಂದು ಸಂಗತಿಯೂ ಇದೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ವೈಟ್‌ವಾಟರ್ ಊರಿನಲ್ಲಿ ಶಿಕ್ಷಕರ ತರಬೇತಿ ಶಾಲೆಯೊಂದಿತ್ತು. ಚಳಿಗಾಲದಲ್ಲಿ ಅಲ್ಲಿಯ ಜವಾನ ಪಾಠದ ನಡುವೆ ಕೊಠಡಿಗೆ ಬಂದು, ಥರ್ಮಾಮೀಟರ್ ನೋಡಿ, ನೆಲಮಾಳಿಗೆಗೆ ಹೋಗಿ ಕುಲುಮೆಯನ್ನು ಸರಿಮಾಡಬೇಕಾಗಿತ್ತು. ಈ ಅಡಚಣೆಯಿಂದ ಬೇಸತ್ತ ಅಧ್ಯಾಪಕ ವಾರೆನ್ ಜಾನ್ಸನ್, ಕೊಠಡಿಯ ಶಾಖವನ್ನು ತಾನೇ ಅರಿತು ನೆಲಮಾಳಿಗೆಗೆ ಸುದ್ದಿ ಮುಟ್ಟಿಸುವ ವಿದ್ಯುತ್ ಉಪಕರಣವನ್ನು ಮಾಡಿ 1883ರಲ್ಲಿ ಹಕ್ಕುಪತ್ರ ಪಡೆದರು. ಪಾಠ ಕೆಡದಿರಲೆಂದು ಹುಟ್ಟಿದ ಆ ಬಗೆಯ ಉಪಕರಣವೇ ಇಂದು ನಮ್ಮ ಬಚ್ಚಲಿನ ಗೋಡೆಯ ಮೇಲೆ ಕೂತಿದೆ. ಆದರೆ ಅದರ ಪಾಠವನ್ನು ನಾವು ಪರೀಕ್ಷೆ ಮುಗಿದ ಮಾರನೆಯ ದಿನವೇ ಮರೆತಿದ್ದೇವೆ.

ಲೆಕ್ಕ ಹಾಕೋಣ. ಬೇಸರಪಡಬೇಡಿ, ಎಸ್.ಎಸ್.ಎಲ್.ಸಿ. ಮಟ್ಟದ ಲೆಕ್ಕವೇ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಸುಮಾರು 4.2 ಕಿಲೋಜೂಲ್ ಬೇಕು. ಒಂದು ಯೂನಿಟ್ ಎಂದರೆ 3,600 ಕಿಲೋಜೂಲ್. ಹದಿನೆಂಟು ಲೀಟರಿನ ಬಕೆಟ್ಟು ನೀರನ್ನು 24 ಡಿಗ್ರಿಯಿಂದ ಮೈಗೆ ಹದವಾದ 41 ಡಿಗ್ರಿಗೆ ತರಲು ಬೇಕಾಗುವುದು ಯೂನಿಟ್ಟಿನ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ನಾಲ್ಕು ಜನರ ಮನೆಗೆ ದಿನಕ್ಕೆ ಸುಮಾರು 1.4 ಯೂನಿಟ್, ತಿಂಗಳಿಗೆ 43. ಇದು ಮೈಗೆ ಸುರಿದುಕೊಂಡ ಬಿಸಿ. ಇದಕ್ಕೆ ಹಣ ಕೊಡುವುದರಲ್ಲಿ ನನಗೇನೂ ದುಃಖವಿಲ್ಲ.

ದುಃಖವಿರುವುದು ಗೋಡೆಗೆ ಕೊಟ್ಟ ಬಿಸಿಯ ಬಗ್ಗೆ. ಗೀಸರನ್ನು ದಿನವಿಡೀ ಹಚ್ಚಿಯೇ ಬಿಟ್ಟರೆ ಯಾರೂ ನೀರು ಬಳಸದಿದ್ದರೂ ಅದು ತಣಿಯುತ್ತ, ಮತ್ತೆ ಕಾಯುತ್ತ ಇರುತ್ತದೆ. ನಮ್ಮ ಮನೆಯ 25 ಲೀಟರಿನ ಹಳೆಯ ಗೀಸರಿನಲ್ಲಿ ಇದನ್ನು ಅಳೆದು ನೋಡಿದೆ. ನಾವಿಬ್ಬರೂ ಎರಡು ದಿನ ಊರಿಗೆ ಹೋಗಬೇಕಾಗಿದ್ದಾಗ ಮನೆಯ ಉಳಿದೆಲ್ಲ ಸ್ವಿಚ್ಚುಗಳನ್ನು ಆರಿಸಿ, ಗೀಸರನ್ನು ಮಾತ್ರ 70 ಡಿಗ್ರಿಗಿಟ್ಟು ಮೀಟರಿನ ಅಂಕಿಯನ್ನು ಬರೆದುಕೊಂಡು ಹೋದೆ. ಬಂದು ನೋಡಿದರೆ 2.4 ಯೂನಿಟ್ ಏರಿತ್ತು. ಮತ್ತೊಮ್ಮೆ ಅಂಥದೇ ಅವಕಾಶ ಸಿಕ್ಕಾಗ 55 ಡಿಗ್ರಿಗಿಟ್ಟು ಹೋದೆ, ಏರಿದ್ದು 1.6. ಬಿಸಿ ವಸ್ತು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಬಿಸಿಯೋ ಅದಕ್ಕೆ ತಕ್ಕಷ್ಟು ಶಾಖವನ್ನು ಕಳೆದುಕೊಳ್ಳುತ್ತದೆಂಬ ನ್ಯೂಟನ್ನನ ನಿಯಮ ನಮ್ಮ ಬಚ್ಚಲಿನಲ್ಲೂ ತಪ್ಪಲಿಲ್ಲ. "ನಿಮ್ಮ ಪ್ರಯೋಗಕ್ಕೆ ಹದಿನೈದು, ಇಪ್ಪತ್ತು ರೂಪಾಯಿ ದಂಡ" ಎಂದು ನಮ್ಮ ಮನೆಯವರು ಅಂದರು. ಲ್ಯಾಬಿನ ಶುಲ್ಕವೆಂದು ತಿಳಿದುಕೊಂಡೆ.

ದಿನಕ್ಕೆ 1.2 ಎಂದರೆ ತಿಂಗಳಿಗೆ 36 ಯೂನಿಟ್. ಈ 36 ಎಷ್ಟು ದೊಡ್ಡದೆಂದು ಒಂದು ಉದಾಹರಣೆಯಿಂದ ನೋಡಿ. ಸರಾಸರಿ 140 ಯೂನಿಟ್ ಇದ್ದ ಮನೆಗೆ ಗೃಹಜ್ಯೋತಿಯ ಪಾಲು 154. ಆ ಮನೆಗೆ ಗೀಸರು ಬಂತು ಎನ್ನಿ. ಸ್ನಾನದ 43 ಸೇರಿದರೆ 183. ಪಾಲಿಗಿಂತ 29 ಹೆಚ್ಚು. ತೆರಿಗೆ, ಅಧಿಭಾರಗಳೆಲ್ಲ ಸೇರಿ ಯೂನಿಟ್ಟಿಗೆ ಏಳು ರೂಪಾಯಿಯ ಹತ್ತಿರವೆಂದು ಇಟ್ಟುಕೊಂಡರೆ ಇನ್ನೂರು ರೂಪಾಯಿಯ ಬಿಲ್ಲು. ಅದೇ ಗೀಸರನ್ನು ಹಗಲೂರಾತ್ರಿ ಹಚ್ಚಿಟ್ಟರೆ 36 ಸೇರಿ 219 ಆಗುತ್ತದೆ. ಇನ್ನೂರರ ಗೆರೆ ದಾಟಿತು, ಪೂರ್ತಿ 219ಕ್ಕೂ ಹಣ ಕೊಡಬೇಕು: ಸಾವಿರದ ಐನೂರರ ಆಸುಪಾಸು. ಸ್ನಾನ ಮಾಡಿದ್ದು ಅಷ್ಟೇ ಜನ, ಅಷ್ಟೇ ಬಕೆಟ್ಟು. ಹೆಚ್ಚಿಗೆ ಕೊಟ್ಟ ಸಾವಿರದ ಮುನ್ನೂರು ರೂಪಾಯಿ ಬಚ್ಚಲಿನ ಗೋಡೆಯನ್ನು ಬೆಚ್ಚಗೆ ಮಾಡಿದ್ದಕ್ಕೆ.

"ಆರಿಸಿ ಮತ್ತೆ ಹಚ್ಚಿದರೆ ಹೆಚ್ಚು ಎಳೆಯುತ್ತೆ, ಹಚ್ಚಿಯೇ ಬಿಟ್ಟರೆ ಉಳಿತಾಯ" ಎಂಬ ವಾದವೊಂದಿದೆ. ಓದಿದವರ ಬಾಯಲ್ಲೇ ಇದನ್ನು ಹೆಚ್ಚಾಗಿ ಕೇಳಿದ್ದೇನೆ. ತಳದಲ್ಲಿ ತೂತಿರುವ ಕೊಡವನ್ನು ನೆನೆಯಿರಿ. ದಿನವಿಡೀ ಕಂಠಮಟ್ಟ ತುಂಬಿಸುತ್ತಲೇ ಇದ್ದರೆ ಸೋರುವುದು ಹೆಚ್ಚೋ, ಬರಿದಾಗಲು ಬಿಟ್ಟು ಬೇಕಾದಾಗ ಒಮ್ಮೆ ತುಂಬಿಕೊಂಡರೆ ಹೆಚ್ಚೋ? ಕೊಡ ತುಂಬಿದಷ್ಟೂ ತೂತಿನ ಧಾರೆ ರಭಸವಾಗಿರುತ್ತದೆ. ಬಿಸಿಯ ಸೋರಿಕೆಯೂ ಹಾಗೆಯೇ. ಆದ್ದರಿಂದ ಸ್ನಾನಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಮೊದಲು ಹಚ್ಚಿ, ಮನೆಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಮಿಂದು, ಕೊನೆಯವರು ಬಚ್ಚಲಿಗೆ ಹೋಗುವಾಗ ಆರಿಸುವುದೇ ಸರಿ. ಹಂಡೆಯ ಕಾಲದ ಸರದಿ ಇದಲ್ಲದೆ ಮತ್ತೇನು? ಒಬ್ಬರು ಆರಕ್ಕೆ, ಒಬ್ಬರು ಎಂಟಕ್ಕೆ, ಮಗರಾಯ ಹನ್ನೊಂದಕ್ಕೆ ಎಂದರೆ ಯಾವ ಕಂಪನಿಯ ಗೀಸರೂ ನಿಮ್ಮನ್ನು ಕಾಪಾಡದು.

ನಮ್ಮ ತಾಲ್ಲೂಕಿಗೆ ವಿಶೇಷವಾದ ಇನ್ನೊಂದು ಕಾರಣವಿದೆ. ಮಧುಗಿರಿ, ಪಾವಗಡ, ಶಿರಾ ಸೀಮೆಯ ಕೊಳವೆಬಾವಿಗಳ ನೀರು ಎಷ್ಟೋ ಕಡೆ ಗಡಸು. ಗಡಸು ನೀರನ್ನು ಹೆಚ್ಚು ಕಾಯಿಸಿದಷ್ಟೂ ಅದರೊಳಗಿನ ಸುಣ್ಣ ಹೊರಬಿದ್ದು ಕಾಯಿಲಿಗೆ ಅಂಟಿಕೊಳ್ಳುತ್ತದೆ. ಎರಡು ವರ್ಷದ ಗೀಸರನ್ನು ಬಿಚ್ಚಿಸಿ ನೋಡಿದವರಿಗೆ ಆ ಬಿಳಿಯ ಹೊಪ್ಪಳೆಯ ಪರಿಚಯವಿರುತ್ತದೆ. ಹೊಪ್ಪಳೆ ಕಟ್ಟಿದ ಕಾಯಿಲ್ ಒಳಗೊಳಗೇ ಅತಿಯಾಗಿ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಅರವತ್ತು ಡಿಗ್ರಿಯಿಂದ ಮೇಲೆ ಈ ಕಾಟ ಜೋರು. ನಾಬನ್ನು 55ರಿಂದ 60ರ ನಡುವೆ ನಿಲ್ಲಿಸಿದರೆ ಬಿಲ್ಲೂ ಇಳಿಯುತ್ತದೆ, ಕಾಯಿಲೂ ಬಾಳುತ್ತದೆ, ಪುಟ್ಟ ಮಕ್ಕಳ ಮೈಸುಡುವ ಭಯವೂ ಕಡಿಮೆ. 70 ಡಿಗ್ರಿಯ ನೀರು ಕ್ಷಣಮಾತ್ರದಲ್ಲಿ ಚರ್ಮವನ್ನು ಬೇಯಿಸುತ್ತದೆ. ಹಾಗೆಂದು ನಲವತ್ತೈದಕ್ಕೆ ಇಳಿಸುವ ಅತಿಜಾಣತನವೂ ಬೇಡ. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಕೆಲವು ರೋಗಾಣುಗಳು ಸುಖವಾಗಿ ಬೆಳೆಯುತ್ತವೆ.

ಈ ನಾಬಿನ ತಪ್ಪುತಿಳಿವಳಿಕೆ ನಮ್ಮೂರಿಗೆ ಮಾತ್ರ ಸೇರಿದ್ದೆಂದು ಭಾವಿಸಬೇಡಿ. 2022-23ರ ಚಳಿಗಾಲವನ್ನು ನಾವು ದಂಪತಿಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಗಳ ಮನೆಯಲ್ಲಿ ಕಳೆದೆವು. ಅಲ್ಲಿ ಕಾಯಿಸಬೇಕಾದದ್ದು ಬಕೆಟ್ಟು ನೀರನ್ನಲ್ಲ, ಇಡೀ ಮನೆಯನ್ನು. ಗ್ಯಾಸಿನ ಬಾಯ್ಲರ್ ನೀರನ್ನು ಕಾಯಿಸಿ ಕೋಣೆಕೋಣೆಯ ರೇಡಿಯೇಟರಿಗೆ ಕಳಿಸುತ್ತದೆ; ನಡುಮನೆಯ ಗೋಡೆಯ ಮೇಲೊಂದು ಥರ್ಮೋಸ್ಟಾಟ್. ಯುಕ್ರೇನಿನ ಯುದ್ಧದಿಂದ ಗ್ಯಾಸಿನ ಬೆಲೆ ಗಗನಕ್ಕೇರಿದ ವರ್ಷವದು. 2021ರ ಅಕ್ಟೋಬರಿನ ದರದಲ್ಲಿ ಸಾಧಾರಣ ಮನೆಯೊಂದಕ್ಕೆ ಗ್ಯಾಸು, ಕರೆಂಟು ಸೇರಿ ವರ್ಷಕ್ಕೆ 1,277 ಪೌಂಡ್ ಆಗುತ್ತಿದ್ದದ್ದು, ಒಂದೇ ವರ್ಷದಲ್ಲಿ, ಸರ್ಕಾರ ಅಡ್ಡ ನಿಂತು ದರವನ್ನು ತಡೆದ ಮೇಲೂ, 2,500ಕ್ಕೆ ಬಂದಿತ್ತು. ಆಗಿನ ಲೆಕ್ಕದಲ್ಲಿ ಎರಡೂಕಾಲು ಲಕ್ಷ ರೂಪಾಯಿಗೂ ಮೇಲೆ. ಅಲ್ಲಿಯ ಕನ್ನಡ ಕುಟುಂಬಗಳು ಸೇರಿದಲ್ಲೆಲ್ಲ ಮಾತು ಇದೇ. ಊರಿನಿಂದ ಬಂದ ತಂದೆತಾಯಿಗಳು ಹೊರಗಿನಿಂದ ನಡುಗುತ್ತ ಬಂದು ಥರ್ಮೋಸ್ಟಾಟನ್ನು 28ಕ್ಕೆ ತಿರುಗಿಸುತ್ತಾರೆ, ಬೇಗ ಬೆಚ್ಚಗಾಗಲೆಂದು. ಬೇಗ ಆಗುವುದಿಲ್ಲ, ಒಂದು ಗಂಟೆಯ ಮೇಲೆ ಎಲ್ಲರೂ ಬೆವರುತ್ತ ಕಿಟಕಿ ತೆಗೆಯುತ್ತಾರೆ. ಮಕ್ಕಳು ಬಾಯಿಬಿಟ್ಟು ಹೇಳಲಾರರು, ಬಿಲ್ಲು ನೋಡಿ ನಿಟ್ಟುಸಿರು ಬಿಡುತ್ತಾರೆ.

ಅಲ್ಲಿಯೂ ಲೆಕ್ಕ ಅದೇ. ಹೊರಗೆ 7 ಡಿಗ್ರಿ, ಒಳಗೆ 20 ಎಂದರೆ ನಡುವಿನ ಅಂತರ 13. ಮನೆಯಿಂದ ಶಾಖ ಸೋರುವುದು ಈ ಹದಿಮೂರಕ್ಕೆ ತಕ್ಕಂತೆ. ಒಂದು ಡಿಗ್ರಿ ಇಳಿಸಿದರೆ ಹದಿಮೂರರಲ್ಲಿ ಒಂದು ಪಾಲು, ನೂರಕ್ಕೆ ಎಂಟರ ಹತ್ತಿರ, ಉಳಿಯಿತು. ಏಳುವ ಅರ್ಧ ಗಂಟೆ ಮೊದಲು ಹೊತ್ತಿಕೊಳ್ಳುವಂತೆ, ಮಲಗುವ ಅರ್ಧ ಗಂಟೆ ಮೊದಲೇ ಆರುವಂತೆ ಸಮಯ ಗೊತ್ತುಮಾಡಬಹುದು. ಯಾರೂ ಕೂರದ ಕೋಣೆಯ ರೇಡಿಯೇಟರಿನ ಪುಟ್ಟ ನಾಬನ್ನು ಮೂರರಿಂದ ಒಂದಕ್ಕೆ ಇಳಿಸಬಹುದು. ಆದರೆ ಥರ್ಮೋಸ್ಟಾಟ್ ಇರುವ ಕೋಣೆಯದನ್ನು ಇಳಿಸಬಾರದು. ಇಳಿಸಿದರೆ ಆ ಕೋಣೆ ಕಾಯದೆ, ಥರ್ಮೋಸ್ಟಾಟಿಗೆ ತೃಪ್ತಿಯಾಗದೆ, ಬಾಯ್ಲರ್ ಉರಿಯುತ್ತಲೇ ಇರುತ್ತದೆ. ಅಲ್ಲಿಯ ಹೊಸ ಬಗೆಯ ಬಾಯ್ಲರುಗಳು ಹೊಗೆಯೊಳಗಿನ ನೀರಾವಿಯ ಶಾಖವನ್ನೂ ಹಿಂದಕ್ಕೆ ಪಡೆಯುವಂತೆ ರಚಿತವಾಗಿವೆ. ರೇಡಿಯೇಟರಿನಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದರೆ ಮಾತ್ರ ಆ ಉಪಾಯ ನಡೆಯುತ್ತದೆ. ಅದಕ್ಕಾಗಿ, ಬಿಸಿನೀರಿನ ಪ್ರತ್ಯೇಕ ಟ್ಯಾಂಕಿಲ್ಲದ ಮನೆಗಳಲ್ಲಿ ಬಾಯ್ಲರಿನ ನೀರನ್ನು 60ಕ್ಕೆ ಇಳಿಸಿರೆಂದು ಆ ವರ್ಷ ದೊಡ್ಡ ಪ್ರಚಾರವೇ ನಡೆಯಿತು. ಎಷ್ಟೋ ಮನೆಗಳಲ್ಲಿ ಯಂತ್ರ ಕೂರಿಸಿದ ದಿನದಿಂದ ಆ ನಾಬನ್ನು ಯಾರೂ ಮುಟ್ಟಿರಲಿಲ್ಲವಂತೆ. ಐ.ಡಿ.ಹಳ್ಳಿಯ ಗೀಸರಿಗೂ ಲೀಡ್ಸಿನ ಬಾಯ್ಲರಿಗೂ ಇರುವ ನೆಂಟಸ್ತಿಕೆ ನನಗೆ ಹೊಳೆದದ್ದು ಆಗಲೇ.

ಅಲ್ಲಿ ನಾನು ಮೆಚ್ಚಿದ್ದು ಇನ್ನೊಂದಿದೆ. ಉಳಿಸಿ ಎಂದು ಹೇಳುವ ಅದೇ ಕರಪತ್ರದಲ್ಲಿ, ವಯಸ್ಸಾದವರು ಇರುವ ಮನೆಯನ್ನು 18 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ ಎಂದೂ ಬರೆದಿರುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ ಇದೇ ಅಂಕಿಯನ್ನು ಹೇಳಿದೆ. ನಮ್ಮಲ್ಲಿ ಈ ಎಚ್ಚರ ಕಾಣೆ. ಬಿಲ್ಲು ಹೆಚ್ಚಿತೆಂದರೆ ನಮ್ಮ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಮುದುಕರ ಬಿಸಿನೀರಿಗೆ. ಧನುರ್ಮಾಸದ ನಸುಕಿನಲ್ಲಿ ಎದ್ದ ಅಜ್ಜಿ ಗೀಸರಿನ ಸ್ವಿಚ್ಚು ಒತ್ತಲು ಹೋದರೆ, "ಇಷ್ಟು ಬೇಗ ಯಾಕೆ ಹಾಕ್ತೀಯ, ಬಿಲ್ಲು ಯಾರು ಕಟ್ಟೋದು?" ಎಂಬ ಮಾತು ಒಳಗಿನಿಂದ ಬರುತ್ತದೆ. ಆಕೆ ತಣ್ಣೀರಿನಲ್ಲೇ ಮುಗಿಸುತ್ತಾಳೆ, ಇಲ್ಲವೇ ವಾರಕ್ಕೊಮ್ಮೆ ಮೀಯುತ್ತಾಳೆ. ಆ ಮಾತನ್ನಾಡಿದ ಮಗನೇ ಹತ್ತು ಗಂಟೆಗೆ ಎದ್ದು ಮೂರು ಬಕೆಟ್ಟು ಸುರಿದುಕೊಂಡು, ಸ್ವಿಚ್ಚನ್ನು ಹಾಗೆಯೇ ಬಿಟ್ಟು ಪೇಟೆಗೆ ಹೋಗಿರುತ್ತಾನೆ. ಅಜ್ಜಿಯ ಒಂದು ಬಕೆಟ್ಟಿಗೆ ಎರಡೂವರೆ ರೂಪಾಯಿ. ಮಗ ಮರೆತ ಸ್ವಿಚ್ಚಿಗೆ ದಿನಕ್ಕೆ ಎಂಟು ರೂಪಾಯಿ. ಮಿತವ್ಯಯ ಬೇಕು, ಆದರೆ ಅದನ್ನು ನಾಬಿನ ಮೇಲೆ, ಗಡಿಯಾರದ ಮೇಲೆ ನಡೆಸಬೇಕು. ಮುದಿಮೈಯ ಮೇಲೆ ನಡೆಸುವುದು ಮಿತವ್ಯಯವಲ್ಲ, ಜಿಪುಣತನವೂ ಅಲ್ಲ. ಅದಕ್ಕೆ ಬೇರೆಯೇ ಹೆಸರಿದೆ.

ಬಿಸಿಲಿನ ಸೀಮೆಯವರಾದ ನಾವು ಕರೆಂಟಿನಲ್ಲಿ ನೀರು ಕಾಯಿಸುವುದೇ ಸೋಜಿಗವೆಂದು ಕೆಲವರು ಹೇಳುತ್ತಾರೆ. ಅದೂ ನಿಜ. ನೆರೆಯ ಪಾವಗಡದ ತಿರುಮಣಿ, ವಳ್ಳೂರುಗಳ ಬಯಲಿನಲ್ಲಿ ಎರಡು ಸಾವಿರ ಮೆಗಾವ್ಯಾಟಿನ ಸೌರ ವಿದ್ಯುತ್ ಪಾರ್ಕೇ ಇದೆ. ಅನುಕೂಲವಿದ್ದವರು ಸೋಲಾರ್ ಹಾಕಿಸಿಕೊಳ್ಳಲಿ. ಮೋಡದ ದಿನಗಳಿಗೆಂದು ಅದರೊಳಗೆ ಇಟ್ಟಿರುವ ಕರೆಂಟಿನ ಕಾಯಿಲನ್ನು ವರ್ಷವಿಡೀ ಹಚ್ಚಿಡದಿದ್ದರೆ ಸಾಕು.

ಗೀಸರಿನ ನಾಬ್ ಒಳಗೆ ಅಡಗಿದ್ದರೆ ನೀವೇ ಮುಚ್ಚಳ ಬಿಚ್ಚಲು ಹೋಗಬೇಡಿ. ಎಲೆಕ್ಟ್ರೀಷಿಯನ್ನನನ್ನು ಕರೆಸಿ, ಬೋರ್ಡಿನಲ್ಲಿ ಗೀಸರಿನ ಎಂ.ಸಿ.ಬಿ. ಇಳಿಸಿದ ಮೇಲೆಯೇ ಅವನ ಕೈಯಲ್ಲಿ ತಿರುಗಿಸಿಸಿ. ಬಂದವನೇ ಹೊಪ್ಪಳೆಯನ್ನೂ ಕೆರೆದುಕೊಡಲಿ. ಹೊಸದನ್ನು ಕೊಳ್ಳುವವರು ನಕ್ಷತ್ರಗಳ ಚೀಟಿಯನ್ನು ನೋಡಿ ಕೊಳ್ಳಿ. ಗೀಸರಿನ ಮಟ್ಟಿಗೆ ಆ ನಕ್ಷತ್ರಗಳು ಹೇಳುವುದು ಸುಮ್ಮನೆ ನಿಂತಾಗ ಎಷ್ಟು ಸೋರುತ್ತದೆ ಎಂಬುದನ್ನೇ. ಇನ್ನು ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆ ಮಹಡಿಯ ಸಿಂಟೆಕ್ಸ್ ಟ್ಯಾಂಕಿನ ನೀರು ಮಧ್ಯಾಹ್ನದ ಹೊತ್ತಿಗೆ ತಾನಾಗಿಯೇ ಕಾದಿರುತ್ತದೆ. ಸಂಜೆ ಮೀಯುವ ಅಭ್ಯಾಸವಿದ್ದವರಿಗೆ ಗೀಸರೇ ಬೇಡ. ನಮ್ಮ ಮನೆಯಲ್ಲಿ ಯುಗಾದಿಯ ಎಣ್ಣೆಸ್ನಾನ ಮುಗಿದ ದಿನ ಅದರ ಎಂ.ಸಿ.ಬಿ. ಇಳಿಸಿದರೆ ಮತ್ತೆ ಏರಿಸುವುದು ಮಳೆಗಾಲದ ತಂಪು ಹಿಡಿದ ಮೇಲೆಯೇ.